ಮೀಟರಿನ ಮುಳ್ಳು ಒಂದರಲ್ಲಿದೆ

ಅಕ್ಟೋಬರ್ ೭

ಮಾವನವರಿಗೆ ನಮಸ್ಕಾರ.

ಲಕೋಟೆಯ ಮೇಲಿನ ನನ್ನ ಅಕ್ಷರ ಕಂಡು ನೀವಿದನ್ನು ಒಡೆಯದೆ ಪಕ್ಕಕ್ಕಿಡಬಹುದು. ಒಡೆದಿದ್ದರೆ ದಯವಿಟ್ಟು ಕೊನೆಯವರೆಗೆ ಓದಿ. ಎರಡೂವರೆ ವರ್ಷದಿಂದ ನಮ್ಮ ನಡುವೆ ಮಾತಿಲ್ಲ, ಅದಕ್ಕೆ ಕಾರಣ ನಾನೇ. ಕೆಲಸ ಕಾಯಂ ಆಗಿದೆ ಎಂದು ಹೇಳಿ ನಿಮ್ಮ ಮಗಳನ್ನು ಮದುವೆಯಾದೆ, ಆಗಿರಲಿಲ್ಲ. ನೀವು ಆಫೀಸಿಗೆ ಹೋಗಿ ವಿಚಾರಿಸಿಕೊಂಡು ಬಂದು ನಾಲ್ಕು ಜನರ ಮುಂದೆ ನನ್ನನ್ನು ಸುಳ್ಳುಗಾರ ಎಂದಿರಿ. ಅವಳು ಅದೇ ಸಂಜೆ ನನ್ನ ಜೊತೆ ಹೊರಟು ಬಂದಳು. ಆಮೇಲೆ ಕೆಲಸ ಕಾಯಂ ಆಯಿತು, ಆದರೆ ಅದನ್ನು ತಿಳಿಸುವ ಮುಖ ನನಗಿರಲಿಲ್ಲ.

ಈಗ ಬರೆಯುತ್ತಿರುವುದು ಅವಳಿಗೋಸ್ಕರ. ಅವಳಿಗೆ ಆರನೇ ತಿಂಗಳು. ಹೆರಿಗೆಗೆ ಅಪ್ಪನ ಮನೆಗೆ ಹೋಗು ಎಂದರೆ ಕಡ್ಡಿ ಮುರಿದ ಹಾಗೆ ಒಲ್ಲೆ ಎನ್ನುತ್ತಾಳೆ. ಡಿಸೆಂಬರ್ ಇಪ್ಪತ್ತನಾಲ್ಕರಂದು ಟಪಾಲು ಜೀಪಿನಲ್ಲಿ ಇಬ್ಬರೂ ಕೆಳಗಿಳಿದು ಪಟ್ಟಣದ ಆಸ್ಪತ್ರೆ ಸೇರುವುದು ಎಂದು ಮಾತಾಗಿದೆ. ಅಷ್ಟರಲ್ಲಿ ನನ್ನ ಬದಲಿಗೆ ಒಬ್ಬರು ಬರುತ್ತಾರೆ.

ನಾವಿರುವುದು ಗುಡ್ಡದ ನೆತ್ತಿಯ ಮೇಲಿನ ಹವಾಮಾನ ಠಾಣೆಯಲ್ಲಿ. ಎರಡು ಕೋಣೆ, ಅಡುಗೆಮನೆ, ಅಂಗಳದಲ್ಲಿ ಮಳೆ ಅಳೆಯುವ ಡಬ್ಬ, ಗಾಳಿ ಅಳೆಯುವ ಬಟ್ಟಲುಗಳು. ಸುತ್ತ ಮರವಿಲ್ಲ, ಮಣ್ಣೂ ಇಲ್ಲ, ಬರೀ ಬಂಡೆ. ಪಟ್ಟಣ ಅರವತ್ತು ಕಿಲೋಮೀಟರು ಕೆಳಗಿದೆ, ಗಾಡಿಯಲ್ಲಿ ಮೂರು ಗಂಟೆಯ ದಾರಿ. ಜೀಪು ಬರುವುದು ಗುರುವಾರ ಮಾತ್ರ. ಉಳಿದ ಆರು ದಿನ ನಮ್ಮನ್ನು ಲೋಕಕ್ಕೆ ಜೋಡಿಸುವುದು ರೇಡಿಯೋ ಸೆಟ್ಟು ಒಂದೇ. ದಿನಕ್ಕೆ ಮೂರು ಹೊತ್ತು ಗಾಳಿ, ಮಳೆ, ಉಷ್ಣದ ಲೆಕ್ಕ ಪಟ್ಟಣದ ಕಚೇರಿಗೆ ಹೇಳಬೇಕು.

ಹೋದ ವರ್ಷದ ಗಾಳಿಗೆ ಇಪ್ಪತ್ತು ಮೀಟರಿನ ಏರಿಯಲ್ ಕಂಬ ಬಿತ್ತು. ಇಷ್ಟೆತ್ತರದ್ದು ಇನ್ನು ಬೇಡವೆಂದು ಆಫೀಸಿನವರು ಐದು ಮೀಟರಿನದು ನೆಟ್ಟು ಹೋದರು. ಅಂದಿನಿಂದ ಬೆಳಗಿನ ಲೆಕ್ಕ ಮಾತ್ರ ಹೇಗೋ ಮುಟ್ಟುತ್ತದೆ. ಮಧ್ಯಾಹ್ನ, ಸಂಜೆ ನಾನು ಕೂಗಿದ್ದೇ ಬಂತು. ಪಟ್ಟಣದಲ್ಲಿ ಕೇಳಿಸಿಕೊಳ್ಳುವವರನ್ನು ಎಲ್ಲರೂ ಕೆಮ್ಮಪ್ಪ ಎನ್ನುತ್ತಾರೆ, ಒಂದು ವಾಕ್ಯಕ್ಕೆ ಎರಡು ಸಲ ಕೆಮ್ಮುತ್ತಾರೆ. ಅವರ ಕೆಮ್ಮು ನನಗೆ ಚೆನ್ನಾಗಿ ಕೇಳುತ್ತದೆ, ನನ್ನ ಮಾತು ಅವರಿಗೆ ಕೇಳುವುದಿಲ್ಲ. ಆಫೀಸಿಗೆ ಬೆಳಗಿನ ಲೆಕ್ಕ ಸಾಕಂತೆ. ಆದರೆ ನೋವು ಬೆಳಿಗ್ಗೆ ಏಳಕ್ಕೇ ಬರಬೇಕೆಂದು ನಿಯಮವಿಲ್ಲವಲ್ಲ.

ರೇಡಿಯೋ ರಿಪೇರಿ ಅಂಗಡಿ ಇಟ್ಟ ನಿಮ್ಮಷ್ಟು ಈ ವಿಷಯ ತಿಳಿದವರು ನನಗೆ ಗೊತ್ತಿಲ್ಲ. ಏನಾದರೂ ದಾರಿಯಿದ್ದರೆ ತಿಳಿಸಿ. ಬರೆದದ್ದು ಅವಳಿಗೆ ತಿಳಿಯದು.

ನಿಮ್ಮ ಅಳಿಯ


ಅಕ್ಟೋಬರ್ ೧೨

ಅಳಿಯಂದಿರಿಗೆ,

ಕಾಗದ ಎರಡು ದಿನ ಅಂಗಡಿಯ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಮೂರನೆಯ ದಿನ ಒಡೆದೆ. ಆರನೇ ತಿಂಗಳು ಎಂಬಲ್ಲಿಗೆ ಬಂದು ಸ್ವಲ್ಪ ಹೊತ್ತು ಅಂಗಡಿಯ ಬಾಗಿಲು ಎಳೆದುಕೊಂಡು ಕೂತೆ. ಹಳೆಯದನ್ನು ಕೆದಕುವುದಿಲ್ಲ. ನೀವೂ ಕೆದಕಬೇಡಿ.

ಕಂಬದ ಮಾತಿಗೆ ಬರುತ್ತೇನೆ. ನೀವು ಮಾತಾಡುವ ಅಲೆಗೆ ಇಪ್ಪತ್ತು ಮೀಟರಿನ ಕಂಬವೇ ಸರಿ. ಗಿಡ್ಡ ಏರಿಯಲ್ ಎಂದರೆ ಗಿಡ್ಡ ಕಂಬಳಿ ಇದ್ದ ಹಾಗೆ, ತಲೆಗೆಳೆದರೆ ಕಾಲಿಗಿಲ್ಲ. ಹಾಗೆಂದು ಕೈ ಕಟ್ಟಿ ಕೂರಬೇಕಾಗಿಲ್ಲ. ಕಂಬ ಕುಳ್ಳಾದಷ್ಟಕ್ಕೆ ಸುರುಳಿ ಸುತ್ತಿದ ಒಂದು ತಾಮ್ರದ ಕಾಯಿಲು ಸೇರಿಸಿ ಅದನ್ನು ಉದ್ದದ್ದೆಂದು ನಂಬಿಸಬಹುದು. ನಿಮ್ಮ ಆಫೀಸಿನ ಮಹಾನುಭಾವರೂ ಸೇರಿಸಿರುತ್ತಾರೆ, ಬುಡದಲ್ಲಿ, ಕೂದಲಿನಂಥ ತಂತಿಯಲ್ಲಿ. ಐದು ನಿಮಿಷ ಮಾತಾಡಿ, ಸೆಟ್ಟು ಆರಿಸಿ, ಅದನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮ್ಮ ಅರ್ಧ ಕೂಗು ಅಲ್ಲೇ ಸುಟ್ಟು ಹೋಗುತ್ತಿದೆ ಎಂದರ್ಥ.

ಪಾರ್ಸೆಲಿನಲ್ಲಿ ನಾನೇ ಸುತ್ತಿದ ಕಾಯಿಲು ಇದೆ. ದಪ್ಪ ತಾಮ್ರ, ಸುತ್ತಿಗೂ ಸುತ್ತಿಗೂ ನಡುವೆ ಸಂದು. ಇದನ್ನು ಬುಡದಲ್ಲಲ್ಲ, ಕಂಬದ ನಡುಮಧ್ಯಕ್ಕೆ ಕೂರಿಸಿ. ಆರು ಅಲ್ಯೂಮಿನಿಯಂ ಕಡ್ಡಿಗಳಿವೆ, ತುದಿಗೆ ಛತ್ರಿಯ ಹಾಗೆ ಬಿಚ್ಚಿ ಕಟ್ಟಿ. ಆಮೇಲೆ ಸೆಟ್ಟಿನ ಮೀಟರು ನೋಡಿ. ಅದು ಏರಿಯಲ್ಲಿನಿಂದ ಎಷ್ಟು ಶಕ್ತಿ ಸೆಟ್ಟಿಗೇ ವಾಪಸು ಬರುತ್ತಿದೆ ಎಂದು ತೋರಿಸುತ್ತದೆ. ಮುಳ್ಳು ಒಂದರ ಹತ್ತಿರ ಬಂದರೆ ವಾಪಸು ಬರುವುದೇನೂ ಇಲ್ಲ. ಕಡ್ಡಿಗಳನ್ನು ಚಾಚಿ, ಮಡಿಸಿ, ಮುಳ್ಳು ಇಳಿಯುವ ಜಾಗ ಹುಡುಕಿ.

ಏಣಿ ಹತ್ತುವಾಗ ಜೋಪಾನ. ಅವಳು ಊಟ ಸರಿಯಾಗಿ ಮಾಡುತ್ತಾಳಾ ಎಂದು ಬರೆಯಿರಿ. ನಾನು ಕೇಳಿದೆ ಎಂದು ಹೇಳುವುದು ಬೇಡ.

ಮಾವ


ಅಕ್ಟೋಬರ್ ೨೮

ಮಾವನವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆಯೇ ಮಾಡಿದೆ. ಹಳೆಯ ಕಾಯಿಲು ಬೆಚ್ಚಗಲ್ಲ, ಸುಡುತ್ತಿತ್ತು. ಮುಳ್ಳು ಮೊದಲು ಮೂರರ ಅಂಚಿನಲ್ಲಿ ನಿಲ್ಲುತ್ತಿದ್ದದ್ದು ಈಗ ಒಂದೂಕಾಲಕ್ಕೆ ಇಳಿದಿದೆ. ಸೆಟ್ಟಿನ ಮೇಲೆ ಆಫೀಸಿನವರು ಕೆಂಪು ಚೀಟಿ ಅಂಟಿಸಿದ್ದಾರೆ: ಮುಳ್ಳು ಮೂರು ದಾಟಿದರೆ ಮಾತು ನಿಲ್ಲಿಸುವುದು, ಇಲ್ಲವಾದರೆ ವಾಲ್ವು ಸುಡುವುದು. ಇಷ್ಟು ದಿನ ಅದಕ್ಕೆ ಹೆದರಿ ಸೆಟ್ಟನ್ನು ಅರ್ಧ ಶಕ್ತಿಯಲ್ಲಿ ನಡೆಸುತ್ತಿದ್ದೆ, ವಾಲ್ವು ಸುಟ್ಟರೆ ಸೆಟ್ಟೇ ಸತ್ತ ಹಾಗೆ, ಹೊಸದು ಬರಲು ನಾಲ್ಕು ತಿಂಗಳು ಬೇಕು. ಈಗ ಪೂರ್ತಿ ಶಕ್ತಿ ಕೊಡುತ್ತೇನೆ. ಹೋದ ಮಂಗಳವಾರದಿಂದ ಮಧ್ಯಾಹ್ನದ ಲೆಕ್ಕವೂ ಕೆಮ್ಮಪ್ಪನಿಗೆ ಮುಟ್ಟುತ್ತಿದೆ. “ಏನ್ ಸ್ವಾಮೀ, ಗುಡ್ಡ ಇಳ್ದು ಬಂದ್ಬಿಟ್ರಾ?” ಎಂದರು. ಸಂಜೆ ಮಾತ್ರ ಇನ್ನೂ ಇಲ್ಲ.

ಛತ್ರಿಯ ಕಡ್ಡಿಗಳನ್ನು ಕಂಡು ಅವಳು ಇದೇನು ಎಂದು ಕೇಳಿದಳು. ಆಫೀಸಿನಿಂದ ಬಂದದ್ದು ಎಂದೆ. ಊಟ ಚೆನ್ನಾಗಿ ಮಾಡುತ್ತಾಳೆ. ಕಾಲು ಸ್ವಲ್ಪ ಊದಿದೆ. ಜೀಪಿನಲ್ಲಿ ಬಂದು ನೋಡಿದ ಕಾಂಪೌಂಡರು ಹೆಚ್ಚು ನಡೆಯಬಾರದು, ಭಾರ ಎತ್ತಬಾರದು ಎಂದಿದ್ದಾರೆ. ಬಹುಪಾಲು ಒಳಕೋಣೆಯಲ್ಲಿ ಮಲಗಿ ಹಳೆಯ ಪತ್ರಿಕೆ ಓದುತ್ತಾಳೆ. ನಿಮ್ಮ ಮಾತು ತೆಗೆಯುವುದಿಲ್ಲ, ಆದರೆ ನಿಮ್ಮ ಹಾಗೆಯೇ ನನ್ನನ್ನು ಗದರುತ್ತಾಳೆ.

ಅಳಿಯ


ನವೆಂಬರ್ ೨

ಪ್ರೀತಿಯ ಅಳಿಯನಿಗೆ,

ಇನ್ನು ಬಹುವಚನ ಸಾಕು ಮಾಡುತ್ತೇನೆ, ಬರೆಯುವಾಗ ಕೈ ನೋಯುತ್ತದೆ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ರಿಪೇರಿಗೆ ಬಂದವರೊಬ್ಬರು ಅದೇನು ಲಾಟರಿ ಬಂತೇ ಎಂದು ಕೇಳಿದರು. ಮುಳ್ಳು ಇಳಿದದ್ದು ನೀನು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದೀಯ ಎಂಬುದಕ್ಕೆ ಸಾಕ್ಷಿ. ಮಳೆ ಅಳೆಯುವವನಿಗೆ ಬೇರೇನೂ ಬರುವುದಿಲ್ಲ ಎಂದುಕೊಂಡಿದ್ದೆ, ತಪ್ಪಾಯಿತು.

ಸಂಜೆ ಮುಟ್ಟುವುದಿಲ್ಲ ಎಂದೆಯಲ್ಲ, ಅದಕ್ಕೆ ನಿನ್ನ ನೆಲ ಕಾರಣ. ಕಂಬ ಏರಿಯಲ್ಲಿನ ಅರ್ಧ ಮಾತ್ರ, ಇನ್ನರ್ಧ ಅದರ ಕೆಳಗಿನ ನೆಲ. ಒದ್ದೆ ಮಣ್ಣಾಗಿದ್ದರೆ ಚಿಂತೆಯಿಲ್ಲ. ಒಣಬಂಡೆ ನುಂಗುತ್ತದೆ. ಆದ್ದರಿಂದ ನಾವೇ ಒಂದು ನೆಲ ಮಾಡಬೇಕು. ಈ ಪಾರ್ಸೆಲಿನಲ್ಲಿ ಮೂವತ್ತು ತಾಮ್ರದ ತಂತಿಗಳಿವೆ, ಒಂದೊಂದು ಎಂಟು ಮೀಟರು. ಕಂಬದ ಬುಡದಿಂದ ಸುತ್ತಲೂ ಬಂಡೆಯ ಮೇಲೆ ಹಾಸಿ ಕಲ್ಲು ಹೇರು. ಎಲ್ಲದರ ತುದಿಯನ್ನೂ ಬುಡದಲ್ಲಿ ಒಂದೇ ಹಿಡಿಕೆಗೆ ಸೇರಿಸಿ ನಟ್ಟು ಬಿಗಿ ಮಾಡಿ ಅರ್ತಿಗೆ, ಅಂದರೆ ಸೆಟ್ಟಿನ ನೆಲದ ತಂತಿಗೆ, ಕೊಡು. ಬೆನ್ನು ಮುರಿಯುವ ಕೆಲಸ, ಆದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ.

ಹಾಸಿದ ಮೇಲೆ ಮೀಟರು ಎಷ್ಟು ತೋರಿಸುತ್ತದೆ ಎಂದು ತಪ್ಪದೆ ಬರೆ. ಅದಕ್ಕೆ ತಕ್ಕ ಹಾಗೆ ಬುಡಕ್ಕೆ ಇನ್ನೊಂದು ಚಿಕ್ಕ ಕಾಯಿಲು ಸುತ್ತಿ ಕಳಿಸಬೇಕು.

ಇದೆಲ್ಲ ಯಾಕೆಂದು ಅವಳಿಗೆ ಹೇಳಬೇಡ. ರೇಡಿಯೋ ಸರಿಯಿಲ್ಲ ಎಂದು ತಿಳಿದರೆ ಗಾಬರಿಯಾಗುತ್ತಾಳೆ, ಈ ಹೊತ್ತಿನಲ್ಲಿ ಅದು ಬೇಡ. ನಮ್ಮಿಬ್ಬರಲ್ಲೇ ಇರಲಿ.

ಮಾವ


ನವೆಂಬರ್ ೧೮

ಮಾವನವರಿಗೆ ನಮಸ್ಕಾರ.

ತಂತಿಗಳು ಬಂದವು. ಮೂರು ದಿನ ಹಿಡಿಯಿತು, ಅಂಗೈ ಬೊಬ್ಬೆ ಎದ್ದಿದೆ. ಮೂವತ್ತನ್ನೂ ಹಾಸಿ ಕಲ್ಲು ಹೇರಿದ್ದೇನೆ. ನಿಮ್ಮ ಮಗಳಿಗೆ ಸಿಡಿಲಿನ ರಕ್ಷಣೆಗೆ ಎಂದು ಹೇಳಿದೆ, ನಂಬಿದಳು.

ಮೀಟರಿನ ಮುಳ್ಳು ಒಂದರಲ್ಲಿದೆ. ಒಂದೂಕಾಲು ಇದ್ದದ್ದು ಸರಿಯಾಗಿ ಒಂದಕ್ಕೆ ಬಂದಿದೆ. ಸಂಜೆಯೂ ಪರವಾಗಿಲ್ಲ. ಇನ್ನೊಂದು ಕಾಯಿಲಿನ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಉಪಕಾರ ದೊಡ್ಡದು. ನಮ್ಮಪ್ಪ ಇದ್ದಿದ್ದರೂ ನನಗಾಗಿ ಇಷ್ಟು ಮಾಡುತ್ತಿರಲಿಲ್ಲವೇನೋ.

ಇಲ್ಲಿ ಚಳಿ ಹೆಚ್ಚಿದೆ. ಅವಳು ಆರಾಮವಾಗಿದ್ದಾಳೆ.

ಅಳಿಯ


ನವೆಂಬರ್ ೨೩

ಅಳಿಯನಿಗೆ ಆಶೀರ್ವಾದ.

ಕಾಗದ ತಲುಪಿತು. ಮುಳ್ಳು ಒಂದರಲ್ಲಿದೆ ಎಂದು ಬರೆದಿದ್ದೀಯ. ಸಂತೋಷ.

ಸಂಜೆಯ ಹೊತ್ತು ಕೆಮ್ಮಪ್ಪನಿಗೆ ನಿಜವಾಗಿ ಕೇಳಿಸುತ್ತದೆಯೇ ಎಂದು ಇನ್ನೊಮ್ಮೆ ಕೇಳಿ ನೋಡು. ಬುಡದ ಹಿಡಿಕೆಯ ನಟ್ಟನ್ನೂ ಒಮ್ಮೆ ನೋಡು, ಗಾಳಿಗೆ ಸಡಿಲವಾಗಿರಬಹುದು. ಹೀಗೇ ಸುಮ್ಮನೆ ಹೇಳಿದೆ.

ಇನ್ನೊಂದು ಮಾತು. ಅವಳನ್ನು ಡಿಸೆಂಬರ್ ಇಪ್ಪತ್ತನಾಲ್ಕರ ಬದಲು ಮೂರರ ಜೀಪಿಗೇ ಕಳಿಸಿಬಿಡು. ನಾನು ಪಟ್ಟಣಕ್ಕೆ ಬಂದು ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದಿರುತ್ತೇನೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಬಾಗಿಲ ಹೊರಗೆ ಕೂತಿರುತ್ತೇನೆ. ಕಾರಣ ಕೇಳಬೇಡ, ಮುದುಕನ ಹಟ ಎಂದುಕೋ.

ಮಾವ


ಡಿಸೆಂಬರ್ ೨

ಮಾವನವರಿಗೆ,

ನೀವು ಹೇಳಿದ್ದನ್ನು ಯೋಚಿಸಿದೆ. ಆಗುವುದಿಲ್ಲ. ಬದಲಿ ಮನುಷ್ಯ ಬರುವುದು ಹದಿನೇಳರ ಜೀಪಿಗೆ. ಅವಳೊಬ್ಬಳನ್ನೇ ಆ ದಾರಿಯಲ್ಲಿ ಕಳಿಸಲು ನನಗೆ ಮನಸ್ಸಿಲ್ಲ, ಹೋಗಲು ಅವಳಿಗೂ ಮನಸ್ಸಿಲ್ಲ.

ನಿಮ್ಮ ಮಾತಿನ ಹಿಂದೆ ಏನಿದೆ ಎಂದು ನನಗೆ ಅರ್ಥವಾಗದೆ ಇಲ್ಲ. ಇಷ್ಟೆಲ್ಲ ಆದ ಮೇಲೂ ನಿಮ್ಮ ಮಗಳನ್ನು ನಾನು ಸರಿಯಾಗಿ ನೋಡಿಕೊಳ್ಳಲಾರೆ ಎಂದೇ ನಿಮ್ಮ ಮನಸ್ಸಿನಲ್ಲಿದೆ. ನೋಡಿಕೊಳ್ಳುತ್ತೇನೆ. ಇನ್ನು ಮೂರು ವಾರ ತಾನೇ.

ಖಾರವಾಗಿ ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಳಿಯ


ಡಿಸೆಂಬರ್ ೧೧, ಪಟ್ಟಣದ ಆಸ್ಪತ್ರೆ

ಮಾವನವರಿಗೆ,

ಇದನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕೂಡಲೇ ಹೊರಟು ಬನ್ನಿ. ಮೊನ್ನೆ ಬುಧವಾರ ನೋವು ಬಂತು. ಮಗು ಉಳಿಯಲಿಲ್ಲ. ಹೆಣ್ಣು ಮಗು. ಅವಳಿಗೆ ತುಂಬ ರಕ್ತ ಹೋಗಿದೆ. ನಿನ್ನೆ ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಜೀವಕ್ಕೆ ಭಯವಿಲ್ಲ ಎಂದಿದ್ದಾರೆ. ಒಂದು ಸಲ ಕಣ್ಣು ಬಿಟ್ಟು ಅಪ್ಪ ಎಂದಳು.


ಜನವರಿ ೬

ಮಾವನವರಿಗೆ,

ಆಸ್ಪತ್ರೆಯಲ್ಲಿ ಒಂಬತ್ತು ದಿನ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ನೀವು ನನಗೆ ಚಹಾ ತಂದುಕೊಟ್ಟಿರಿ. ಒಂದು ಮಾತೂ ಕೇಳಲಿಲ್ಲ. ಅವಳನ್ನು ನೀವು ಮನೆಗೆ ಕರೆದುಕೊಂಡು ಹೋದಿರಿ, ನಾನು ರಜೆ ಮುಗಿದು ಗುಡ್ಡಕ್ಕೆ ಬಂದೆ. ಬದಲಿ ಮನುಷ್ಯ ಬರಲೇ ಇಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆಯುತ್ತೇನೆ.

ತಂತಿಗಳನ್ನು ಹಾಸಿದ್ದು ನಿಜ. ಮೂವತ್ತನ್ನೂ ಹಿಡಿಕೆಗೆ ಸೇರಿಸಿ ನಟ್ಟು ಬಿಗಿ ಮಾಡಿ ಬಂದು ಸೆಟ್ಟು ಹಾಕಿದರೆ ಮುಳ್ಳು ಮೂರು ದಾಟಿ ಹೋಯಿತು. ಕೆಂಪು ಚೀಟಿ ಕಣ್ಣೆದುರಿಗಿತ್ತು. ಕೂಡಲೇ ಆರಿಸಿದೆ. ನಟ್ಟು ಬಿಚ್ಚಿ ತಂತಿಗಳನ್ನು ಹಿಡಿಕೆಯಿಂದ ಕಳಚಿದೆ, ಮುಳ್ಳು ಒಂದೂಕಾಲಕ್ಕೆ ಬಂತು. ನಿಮ್ಮ ತಂತಿಗಳಿಂದ ಏರಿಯಲ್ ಕೆಟ್ಟಿತು ಎಂದೇ ತಿಳಿದೆ. ಅಷ್ಟು ತಾಮ್ರ ಕಳಿಸಿದ್ದಿರಿ, ಮೊದಲ ಬಾರಿಗೆ ಪ್ರೀತಿಯ ಅಳಿಯ ಎಂದು ಬರೆದಿದ್ದಿರಿ. ನಿಮ್ಮ ಕೆಲಸ ತಪ್ಪಾಯಿತೆಂದು ನಿಮ್ಮ ಮುಖಕ್ಕೆ ಹೇಗೆ ಹೇಳಲಿ? ಮುಳ್ಳು ಒಂದರಲ್ಲಿದೆ ಎಂದು ಬರೆದೆ. ಮತ್ತೆ ಸುಳ್ಳು ಹೇಳಿದೆ.

ಆ ಬುಧವಾರ ಮೂರು ಗಂಟೆಗೆ ನೋವು ಶುರುವಾಯಿತು. ಹೆರಿಗೆಯ ನೋವೇ ಎಂದು ಖಚಿತವಾಗಿ ನಾಲ್ಕರಿಂದ ಕೂಗಿದೆ. ಕೆಮ್ಮಪ್ಪನಿಂದ ಉತ್ತರವಿಲ್ಲ. ಐದು ಗಂಟೆಗೆ ಏನೂ ತೋಚದೆ ಹೊರಗೆ ಓಡಿ ತಂತಿಗಳನ್ನು ಮತ್ತೆ ಹಿಡಿಕೆಗೆ ಸೇರಿಸಿದೆ. ಒಳಗೆ ಬಂದು “ಕೇಳಿಸ್ತಾ ಇದ್ಯಾ, ಕೇಳಿಸ್ತಾ ಇದ್ಯಾ” ಎಂದು ಎರಡು ಸಲ ಅಂದೆ. ಮುಳ್ಳು ಮೇಲೆ ಹೋಯಿತು. ಇದ್ದ ಒಂದು ವಾಲ್ವೂ ಸುಟ್ಟರೆ ಏನು ಗತಿ ಎಂದು ಮೈಕು ಕೆಳಗಿಟ್ಟು ತಂತಿ ಕಳಚಲು ಹೊರಗೆ ಓಡಿದೆ. ಗಾಳಿ ಜೋರಾಗಿತ್ತು, ನಟ್ಟು ಬಿಚ್ಚಲು ಮೂರು ನಿಮಿಷವೇ ಆಯಿತು. ತಿರುಗಿ ಬಂದು ಮತ್ತೆ ಕೂಗಿದೆ. ಉತ್ತರವಿಲ್ಲ. ಐದೂಕಾಲಕ್ಕೆ ಅವರ ಕಚೇರಿ ಮುಚ್ಚುತ್ತದೆ, ಐದು ನಿಮಿಷ ಉಳಿದಿತ್ತು.

ಅವಳು ಕೂಗಿದಳೆಂದು ಒಳಕೋಣೆಗೆ ಹೋದಾಗ “ಹೇಳಿದ್ರಾ?” ಎಂದಳು. ಹೇಳಿದೆ, ಬರ್ತಾರೆ ಎಂದೆ. ಧೈರ್ಯವಾಗಿರಲಿ ಎಂದು ಹಾಗೆಂದೆ.

ಆರೂಮುಕ್ಕಾಲಿಗೆ ಮಗು ಹುಟ್ಟಿತು. ಬಹಳ ಚಿಕ್ಕದು. ಎರಡು ಗಂಟೆಗೂ ಹೆಚ್ಚು ಉಸಿರಾಡಿತು. ನನ್ನ ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಅವಳು ಬಾಗಿಲು ನೋಡುತ್ತಲೇ ಇದ್ದಳು. ಬೆಳಕು ಹರಿದ ಕೂಡಲೇ ಸೆಟ್ಟು ಹಾಕಿದೆ, ಏಳಕ್ಕೆ ಕೆಮ್ಮಪ್ಪ ಸಿಕ್ಕರು, ಅಷ್ಟರಲ್ಲಿ ಗುರುವಾರದ ಜೀಪು ಗುಡ್ಡದ ಕಡೆ ಹೊರಟಾಗಿತ್ತು, ಅದರಲ್ಲೇ ಅವಳನ್ನು ಕೆಳಗಿಳಿಸಿದೆ.

ಇಷ್ಟೇ ಆಗಿದ್ದರೆ ನನ್ನೊಳಗೇ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಗುಡ್ಡಕ್ಕೆ ವಾಪಸು ಬರುವಾಗ ಪಟ್ಟಣದ ಕಚೇರಿಗೆ ಹೋಗಿದ್ದೆ. ಕೆಮ್ಮಪ್ಪ ಅವತ್ತಿನ ಪುಸ್ತಕ ತೆಗೆದು ತೋರಿಸಿದರು. “ನಾಲ್ಕರಿಂದ ಬರೀ ಗರಗರ. ಸಂಜೆ ಲೆಕ್ಕ ಇರ್ಬೇಕು ಅಂದ್ಕೊಂಡೆ. ಐದು ಗಂಟೆ ಆರು ನಿಮಿಷಕ್ಕೆ ಪಕ್ಕದ ಮನೆಯಿಂದ ಕರೆದ ಹಾಗೆ ಕೇಳಿಸ್ತು. ಕೇಳಿಸ್ತಾ ಇದೆ ಹೇಳಿ ಅಂತ ಮೂರು ಸಲ ಅಂದೆ. ನೀವು ಮಾತಾಡ್ಲಿಲ್ಲ” ಎಂದರು. ಕೆಮ್ಮಲಿಲ್ಲ.

ಮುಳ್ಳು ಮೂರು ದಾಟಿದಾಗ ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಹೇಗೆ? ನನಗೆ ಅರ್ಥವಾಗುತ್ತಿಲ್ಲ. ನೀವು ಬೈಯಿರಿ, ಆದರೆ ಇದೊಂದನ್ನು ತಿಳಿಸಿ.


ಜನವರಿ ೧೮

ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ, ನನಗೆ ಬರುವುದು ಅದೊಂದೇ.

ಕೆಟ್ಟ ನೆಲ ನೀನು ಕೊಟ್ಟ ಶಕ್ತಿಯನ್ನೆಲ್ಲ ಸದ್ದಿಲ್ಲದೆ ನುಂಗುತ್ತದೆ. ವಾಪಸು ಬರಲು ಏನೂ ಉಳಿದಿರುವುದಿಲ್ಲ, ಮುಳ್ಳು ಒಂದರಲ್ಲಿ ಹಾಯಾಗಿ ನಿಲ್ಲುತ್ತದೆ. ನೆಲ ಸುಧಾರಿಸಿತೋ, ನುಂಗುವುದು ನಿಲ್ಲುತ್ತದೆ, ಸೆಟ್ಟಿಗೂ ಕಂಬಕ್ಕೂ ಹೊಂದಿಕೆ ತಪ್ಪುತ್ತದೆ, ಮುಳ್ಳು ಏರುತ್ತದೆ. ಒಂದಿಷ್ಟು ವಾಪಸು ಬಂದರೂ ಉಳಿದದ್ದು ಆಕಾಶಕ್ಕೆ ಹೋಗುತ್ತದೆ. ಗಿಡ್ಡ ಕಂಬಕ್ಕೆ ತಂತಿ ಹಾಸಿದ ಮೇಲೆ ಮುಳ್ಳು ಏರಿದರೆ ಕೆಲಸ ಸರಿಯಾಗಿದೆ ಎಂದೇ ಅರ್ಥ. ಆ ಬುಡದ ಚಿಕ್ಕ ಕಾಯಿಲು ಅದನ್ನು ಸರಿಪಡಿಸಲಿಕ್ಕೆ. ನಿನ್ನ ವಾಲ್ವು ಹತ್ತು ನಿಮಿಷಕ್ಕೇನೂ ಸುಡುತ್ತಿರಲಿಲ್ಲ.

ಇದನ್ನು ನಾನು ಮೊದಲೇ ಬರೆಯಬೇಕಿತ್ತು. ನಲವತ್ತು ವರ್ಷದಿಂದ ಇದನ್ನು ತಿಳಿದವರ ಜೊತೆಯಲ್ಲೇ ಕೆಲಸ ಮಾಡಿ, ತಿಳಿಯದವನೊಬ್ಬ ಇರುತ್ತಾನೆ ಎಂಬುದು ತಲೆಗೇ ಬರಲಿಲ್ಲ. ಅದು ಮರೆವು. ಮರೆವನ್ನು ಕ್ಷಮಿಸಬಹುದು.

ಇನ್ನೊಂದನ್ನು ಕ್ಷಮಿಸಲು ಬರುವುದಿಲ್ಲ. ನವೆಂಬರಿನಲ್ಲಿ ನಿನ್ನ ಕಾಗದ ಓದಿದ ತಕ್ಷಣವೇ ನನಗೆ ಗೊತ್ತಾಯಿತು. ಮೂವತ್ತು ತಂತಿ ಹಾಸಿ ಮುಳ್ಳು ಒಂದಕ್ಕೆ ಬರುವುದು ಸಾಧ್ಯವೇ ಇಲ್ಲ. ಒಂದೋ ನೀನು ತಂತಿ ಜೋಡಿಸಿಲ್ಲ, ಇಲ್ಲವೇ ಸುಳ್ಳು ಬರೆದಿದ್ದೀಯ. ಹಾಗೆಂದೇ ಒಂದು ಕಾಗದ ಬರೆದೆ, ಲಕೋಟೆಗೂ ಹಾಕಿದೆ. ಮತ್ತೆ ನಿನ್ನನ್ನು ಸುಳ್ಳುಗಾರ ಎಂದರೆ ಮಗಳ ಸುದ್ದಿ ಬರುವುದೂ ನಿಂತು ಹೋಗುತ್ತದೆ ಎಂದು ಹೆದರಿದೆ. ಅದನ್ನು ಹರಿದು, ಸಂತೋಷ ಎಂದು ಬರೆದೆ. ನಟ್ಟು ನೋಡು, ಮುದುಕನ ಹಟ, ಎಂದೆಲ್ಲ ಸುತ್ತಿ ಬಳಸಿದೆ. ಅವಳನ್ನು ಬೇಗ ಕೆಳಗಿಳಿಸಿದರೆ ಯಾರಿಗೂ ನೋವಾಗದೆ ಮುಗಿಯುತ್ತದೆ ಎಂದುಕೊಂಡೆ. ನೇರವಾಗಿ ಬೈದಿದ್ದರೆ ಚೆನ್ನಾಗಿತ್ತು. ಬೈಯುವುದರಲ್ಲಿ ಹೆಸರು ಮಾಡಿದವನು ನಾನು, ಬೈಯಲೇಬೇಕಾದ ದಿನ ಬಾಯಿಗೆ ಬೀಗ ಹಾಕಿಕೊಂಡೆ.

ನಿನ್ನ ಕಾಗದ ಬಂದ ದಿನ ಎಲ್ಲ ಕಾಗದಗಳನ್ನೂ ಅವಳ ಮುಂದೆ ಇಟ್ಟೆ. ನನ್ನ ಹತ್ತಿರ ಇನ್ನೇನೂ ಬಚ್ಚಿಡುವ ಶಕ್ತಿ ಇರಲಿಲ್ಲ. ನಾನು ಬರೆದದ್ದರಲ್ಲಿ ಏನಿತ್ತೆಂದು ಬಾಯಲ್ಲಿ ಹೇಳಿದೆ. ಒಂದೂ ಬಿಡದೆ ಓದಿದಳು. ನವೆಂಬರಿನದನ್ನು ಎರಡು ಸಲ ಓದಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

“ತಂತಿ ಹಾಸಿದ್ರೆ ಮುಳ್ಳು ಏರುತ್ತೆ ಅಂತ ನಂಗೆ ಹನ್ನೆರಡು ವರ್ಷದವಳಿದ್ದಾಗಿಂದ ಗೊತ್ತು” ಎಂದಳು. “ನಿನ್ನ ಮೇಜಿನ ಪಕ್ಕದಲ್ಲೇ ಕೂತು ಬೆಳ್ದವಳಲ್ವಾ ನಾನು. ಸಿಡಿಲಿಗೆ ಅಂತ ಇವ್ರು ಹೇಳಿದ್ರು. ಗಾಬರಿ ಆಗ್ತಾಳೆ ಅಂತ ನೀನು ಹೇಳ್ಬೇಡ ಅಂದೆ. ಹತ್ತು ಹೆಜ್ಜೆ ಆಚೆ ಮಲಗಿದ್ದೆ. ಯಾರಾದ್ರೂ ಒಬ್ರು ನನ್ನ ಕೇಳ್ಬಹುದಿತ್ತು.”

ಆಮೇಲೆ ಇನ್ನೊಂದು ಮಾತು ಹೇಳಿದಳು. ಅದನ್ನು ನಿನಗೆ ಬರೆಯಬೇಕೋ ಬಾರದೋ ಎಂದು ನಾಲ್ಕು ದಿನ ಒದ್ದಾಡಿದೆ. ಬರೆಯದೆ ಇಟ್ಟುಕೊಂಡದ್ದರಿಂದ ಏನಾಯಿತೆಂದು ನೋಡಿಯಾಗಿದೆ, ಆದ್ದರಿಂದ ಬರೆಯುತ್ತೇನೆ, ಹಲ್ಲು ಕಚ್ಚಿಕೊಂಡು ಓದು. ನೀನು ನಟ್ಟು ಬಿಚ್ಚಲು ಹೊರಗೆ ಹೋಗಿದ್ದಾಗ ಸೆಟ್ಟಿನಲ್ಲಿ ಕೆಮ್ಮಪ್ಪನ ದನಿ ಬಂದದ್ದು ಅವಳಿಗೆ ಕೇಳಿಸಿತಂತೆ. ಕೇಳಿಸ್ತಾ ಇದೆ, ಹೇಳಿ, ಎಂದು ಮೂರು ಸಲ. ನಿನ್ನನ್ನು ಕೂಗಿದಳಂತೆ, ಗಾಳಿಯಲ್ಲಿ ನಿನಗೆ ಕೇಳಿಸಲಿಲ್ಲ. ನೀನು ಒಳಗೆ ಬಂದ ಕೂಡಲೇ ಹೇಳಿದ್ರಾ ಎಂದು ಕೇಳಿದ್ದು ಅದಕ್ಕೇ. ನೀನು ಹೇಳಿದೆ ಎಂದೆ. ಹಾಗಿದ್ದರೆ ಎಲ್ಲ ಆಯಿತು, ಗಾಡಿ ಹೊರಟಿದೆ ಎಂದು ಅವಳು ಸುಮ್ಮನಾದಳು.

“ಇಲ್ಲ ಅಂದಿದ್ರೆ ನಾನ್ ಹೇಳ್ತಿದ್ದೆ, ಅವ್ರು ಲೈನಲ್ಲಿದ್ದಾರೆ, ಹೊರಗೆ ಈಗ ಏನ್ ಬಿಚ್ಚಿದ್ರೋ ಅದನ್ನ ಮತ್ತೆ ಹಾಕಿ ಅಂತ” ಎಂದಳು. ಇಷ್ಟು ಹೇಳಿ ಎದ್ದು ಹೋಗಿ ಅಂಗಡಿಯ ಮೇಜಿನ ಮುಂದೆ ಕೂತಳು.

ಆಪರೇಷನ್ನಿನ ಗಾಯ ಇನ್ನೂ ಮಾಗಿಲ್ಲ, ಏಳಬೇಡ ಎಂದರೆ ಕೇಳಲಿಲ್ಲ. ಎರಡು ದಿನ ಕೂತು ಬುಡದ ಕಾಯಿಲನ್ನು ಅವಳೇ ಸುತ್ತಿದ್ದಾಳೆ. ನನ್ನನ್ನು ಮುಟ್ಟಲು ಬಿಡಲಿಲ್ಲ. ಈ ಪಾರ್ಸೆಲಿನಲ್ಲಿರುವುದು ಅದೇ. ಜೊತೆಗೆ ಹೇಗೆ ಜೋಡಿಸಬೇಕೆಂದು ಒಂದು ಹಾಳೆ ಬರೆದಿದ್ದಾಳೆ. ನಿನಗೊಂದು ಸಾಲು ಬರೆ ಎಂದು ಕೇಳಿಕೊಂಡೆ. ಹಾಳೆ ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದಳು.

ನನ್ನ ಜೊತೆಯೂ ಮಾತಿಲ್ಲ. ಊಟಕ್ಕೆ ಕರೆದರೆ ಬರುತ್ತಾಳೆ, ಉಣ್ಣುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ಮೊದಲೆಲ್ಲ ಗದರುತ್ತಿದ್ದಳು. ಈಗ ನಾನು ತಪ್ಪು ಮಾಡಿದರೂ ಗದರುವುದಿಲ್ಲ.

ಮಾವ


ಫೆಬ್ರವರಿ ೩

ಮಾವನವರಿಗೆ,

ಪಾರ್ಸೆಲು ಬಂತು. ಹಾಳೆಯನ್ನು ಎರಡೂ ಬದಿ ನೋಡಿದೆ, ಲಕೋಟೆಯನ್ನು ಬಿಡಿಸಿ ಒಳಗೂ ನೋಡಿದೆ. ಮೇಲೆ ‘ಠಾಣೆಯ ವೀಕ್ಷಕರಿಗೆ’ ಎಂದಿದೆ. ಕೆಳಗೆ ಹನ್ನೊಂದು ಸಾಲುಗಳಿವೆ, ಎಲ್ಲವೂ ಕಾಯಿಲಿನ ಬಗ್ಗೆ. ಏಳನೆಯದು ಹೀಗಿದೆ: ಮುಳ್ಳು ಏರಿದರೆ ತಂತಿ ಕಳಚಬಾರದು, ಕಾಯಿಲನ್ನು ಹೊಂದಿಸಬೇಕು. ಆಫೀಸಿನ ಕೆಂಪು ಚೀಟಿಯನ್ನು ಕಿತ್ತು ಆ ಜಾಗದಲ್ಲಿ ಇದನ್ನು ಅಂಟಿಸಿದ್ದೇನೆ.

ಬರೆದ ಹಾಗೆಯೇ ಮಾಡಿದೆ. ಮೂವತ್ತು ತಂತಿಗಳೂ ಹಿಡಿಕೆಯಲ್ಲಿವೆ. ಕಾಯಿಲಿನಲ್ಲಿ ಅವಳು ಗುರುತು ಹಾಕಿದ ಸುತ್ತಿಗೇ ಸೇರಿಸಿದೆ, ಒಂದು ಸುತ್ತೂ ಹೆಚ್ಚುಕಡಿಮೆ ಮಾಡಬೇಕಾಗಲಿಲ್ಲ. ಮುಳ್ಳು ಒಂದರಲ್ಲಿದೆ. ಈ ಸಲ ನಿಜ. ನಂಬದಿದ್ದರೆ ಕೆಮ್ಮಪ್ಪನನ್ನು ಕೇಳಿ, ಅವರ ವಿಳಾಸ ಹಿಂಬದಿಯಲ್ಲಿದೆ.

ಅವಳ ಬಟ್ಟೆ, ಚಪ್ಪಲಿ, ಬಾಚಣಿಗೆ ಇಲ್ಲಿವೆ. ಕಳಿಸಲೇ, ಇರಲಿಯೇ ಎಂದು ಅವಳನ್ನೇ ಕೇಳಿ ತಿಳಿಸಿ. ನೀವಾಗಿಯೇ ಏನೂ ತೀರ್ಮಾನ ಮಾಡಬೇಡಿ, ನಾನೂ ಮಾಡುವುದಿಲ್ಲ.

ಈಗ ಮೂರು ಹೊತ್ತೂ ಸ್ಪಷ್ಟವಾಗಿ ಮುಟ್ಟುತ್ತದೆ. ಸಂಜೆ ಲೆಕ್ಕ ಮುಗಿದ ಮೇಲೆ ಕೆಮ್ಮಪ್ಪ ಕೂಡಲೇ ಆರಿಸುವುದಿಲ್ಲ. ಕೇಳಿಸ್ತಾ ಇದೆ, ಬೇರೆ ಏನಾದ್ರೂ ಇದ್ರೆ ಹೇಳಿ ಎನ್ನುತ್ತಾರೆ. ಐದೂಕಾಲು ದಾಟಿದರೂ ಕಾಯುತ್ತಾರೆ. ನಾನು ಗಾಳಿ ಹೇಳಿದೆ, ಮಳೆ ಹೇಳಿದೆ, ಉಷ್ಣ ಹೇಳಿದೆ, ಇನ್ನೇನೂ ಇಲ್ಲ ಎನ್ನುತ್ತೇನೆ.

ಅಳಿಯ